ಅರವತ್ತು ಮೀಟರ್ ತಾಮ್ರ

"ಎಳಿ ಚೈತ್ರಾ, ಗಟ್ಟಿಯಾಗಿ ಎಳಿ. ಕಿತ್ ಬಂದ್ರೆ ನಾನು ಈ ಕಸುಬೇ ಬುಟ್ಬುಡ್ತೀನಿ!"

ವಜೀರ್ ಪಾಷಾ ಸ್ಪೀಕರ್ ವೈರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅದರ ತುದಿಯ ಪಿನ್ನು, ನಾಡಿದ್ದು ಮದುವಣಗಿತ್ತಿಯಾಗಬೇಕಾದ ಚೈತ್ರಳ ಅರಿಶಿನದ ಕೈಯಲ್ಲಿತ್ತು. ಅವಳು ನಗುತ್ತಾ ಜಗ್ಗಿದಳು. ಜಪ್ಪಯ್ಯ ಅಂದರೂ ಬೆಸುಗೆ ಬಿಡಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಪಾಷಾ ಈ ಒಂದು ವೈರಿಗೆ ಮೂರು ದಿನ ಕೂತಿದ್ದರು. ಅಂಗಡಿಯವನು ತಾಮ್ರ ಎಂದರೆ ನಂಬದೆ, ಬ್ಲೇಡಿನಲ್ಲಿ ಎಳೆ ಕೆರೆದು, ಒಳಗೂ ಕೆಂಪಗಿದೆ ಎಂದು ಕಂಡ ಮೇಲೇ ತಂದದ್ದು. ಬೀದಿಯ ತುದಿಯ ಸ್ಪೀಕರ್ ಬಾಕ್ಸಿಗೆ ಅರವತ್ತು ಮೀಟರ್. ಅಷ್ಟು ದೂರಕ್ಕೆ ತೆಳು ವೈರು ಹಾಕಿದರೆ ದನಿ ದಾರಿಯಲ್ಲೇ ಸೊರಗುತ್ತದೆ, ಅದಕ್ಕೇ ದಪ್ಪದ್ದು. ನಡುವೆ ಒಂದೇ ಒಂದು ಗಂಟಿಲ್ಲ. "ವೈರಿಗೆ ಇಷ್ಟೆಲ್ಲಾ ಮಾಡ್ತೀರಲ್ರೀ, ಆ ಅಜ್ಜೀಗೆ ಒಂದು ಮಾತು ಹೇಳಕ್ಕೆ ನಾಕು ವರ್ಷ ಸಾಲ್ದಾ?" ಎಂದು ಹೆಂಡತಿ ಬಿಸ್ಮಿಲ್ಲಾ ಬೀ ಬೆಳಿಗ್ಗೆ ಕುಟುಕಿದ್ದಳು.

ಆ ಅಜ್ಜಿ ಚೈತ್ರಳ ಅಜ್ಜಿಯೇ, ಮಂಚಮ್ಮ. ಈ ಅರಕೆರೆಯಲ್ಲಿ ಆಕೆಯ ಸೋಬಾನೆ ಪದವಿಲ್ಲದೆ ಹೆಣ್ಣಿಗೆ ಅರಿಶಿನ ಹಚ್ಚಿದ್ದೇ ಇಲ್ಲ ಅನ್ನುವ ಕಾಲವೊಂದಿತ್ತು. ಮಂಚಮ್ಮ ಒಂದು ಸಾಲು ಹೇಳುವುದು, ಎಡಪಕ್ಕದಲ್ಲಿ ಕೂತ ಸಿದ್ದಲಿಂಗಮ್ಮ ಅದನ್ನೇ ಎತ್ತಿಕೊಳ್ಳುವುದು. ನಾಲ್ಕು ವರ್ಷದ ಹಿಂದೆ ಇದೇ ಊರಿನ ಒಂದು ಮದುವೆಯಲ್ಲಿ ಹಾಗೆ ಹಾಡುತ್ತಿದ್ದಾಗ ಬೀದಿಯ ಬಾಕ್ಸಿನಲ್ಲಿ ದನಿ ಸೊರಗಿತು, ಗೊರಗೊರ ಎಂದಿತು. ಆ ಮದುವೆಯ ಹೆಣ್ಣಿನ ತಂದೆ ಚಲುವರಾಜು ಎಲ್ಲರೆದುರಿಗೆ ರೇಗಿದ. ಪಾಷಾಗೆ ಮರ್ಯಾದೆ ಹೋದ ಹಾಗಾಯಿತು.

"ನನ್ ವೈರೆಲ್ಲಾ ಸರಿಯಾಗೇ ಅದೆ ಕಣಣ್ಣ. ಅಜ್ಜಿ ಗಂಟ್ಲೇ ಎದ್ದೇಳ್ತಿಲ್ಲ. ವಯಸ್ಸಾಯ್ತಲ್ಲ" ಎಂದುಬಿಟ್ಟಿದ್ದರು.

ಶಾಮಿಯಾನದ ಜನ ಗೊಳ್ಳೆಂದಿತು. ಮಂಚಮ್ಮ ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಡಿಜೆ ಹುಡುಗರು ತಮ್ಮ ಬಾಕ್ಸಿನಲ್ಲಿ ಸಿನಿಮಾ ಹಾಡು ಹಾಕಿದರು.

ಮಾರನೆಯ ದಿನ ವೈರು ಸುತ್ತುವಾಗ ಪಾಷಾ ಕೈಗೆ ಒಂದು ಕಡೆ ಮೆತ್ತಗೆ ಸಿಕ್ಕಿತು. ಅವಸರಕ್ಕೆ ಬರೀ ಹೊಸೆದು ಕಪ್ಪು ಟೇಪು ಸುತ್ತಿದ್ದ ಜಾಗ. ಬಿಚ್ಚಿದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬಿಳೀ ಅಲ್ಯೂಮಿನಿಯಂ. ಎಳೆಗಳೆಲ್ಲಾ ಮುರಿದು ಪುಡಿಯಾಗಿದ್ದವು. ಥೂ, ಎಂಥಾ ಬಾಯಿ ನನ್ನದು ಎಂದು ಅಲ್ಲೇ ಕೂತರು. ಅವತ್ತೇ ಬಸ್ಸು ಹತ್ತಿ ಅರಕೆರೆಗೆ ಹೋಗಬೇಕಿತ್ತು. ನಾಳೆ ಹೋದರಾಯಿತು ಅಂದುಕೊಂಡರು. ಆ ನಾಳೆ ಬರಲೇ ಇಲ್ಲ. ಮಂಚಮ್ಮ ಮತ್ತೆ ಹಾಡಲೂ ಇಲ್ಲ.

ಈಗ ಆಕೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಾಷಾ ಹೋಗಿ ಕೆಳಗೆ ಕುಕ್ಕರುಗಾಲಲ್ಲಿ ಕೂತರು.

"ಅವ್ವಾ, ಅವತ್ತು ನಿನ್ ಗಂಟ್ಲಿಗೆ ಏನೂ ಆಗಿರ್ಲಿಲ್ಲ. ನನ್ ವೈರೇ ಕಿತ್ತೋಗಿತ್ತು. ಮಾರ್ನೇ ದಿನಾನೇ ಗೊತ್ತಾಯ್ತು. ನಾಚ್ಕೆ ಆಗಿ ಬಾಯ್ ಬುಡ್ಲಿಲ್ಲ. ತಪ್ಪಾಯ್ತು."

ಮಂಚಮ್ಮನ ಕೈ ನಿಂತಿತು.

"ಮಾರ್ನೇ ದಿನಾನೇ ಗೊತ್ತಾಯ್ತಾ?"

"ಊಂ ಅವ್ವಾ."

"ಅಯ್ಯೋ ನಿನ್ ಮನೆ ಕಾಯ್ವಾಗ! ಒಲೆ ಮುಂದೆ ಒಬ್ಳೇ ಇದ್ರೂವೆ ಬಾಯ್ ಬುಡ್ಲಿಲ್ವಲ್ಲೋ ನಾನು. ಗಂಟ್ಲು ಓಯ್ತು ಅಂತ್ಲೇ ಕುಂತಿದ್ನಲ್ಲೋ." ಆಕೆಯ ಕಣ್ಣು ತುಂಬಿತು.

"ಅಜ್ಜಿ, ನನ್ ಮದ್ವೇಗಾದ್ರೂ ಆಡಜ್ಜಿ" ಎಂದು ಚೈತ್ರ ಗೋಗರೆದಳು. "ಈಗ್ಲೇ ಒಂದ್ಸಲ ನೋಡನ."

ಪಾಷಾ ದಡಬಡಿಸಿ ಎದ್ದು ಬೀದಿಯ ಬಾಕ್ಸಿಗೆ ಆಗಲೇ ಎಳೆದಿದ್ದ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಮೈಕು ಆಕೆಯ ಕೈಗೆ ಕೊಟ್ಟರು. ಮಂಚಮ್ಮ ಕೆಮ್ಮಿದಳು, ಕಣ್ಣು ಮುಚ್ಚಿದಳು, ಮೊದಲ ಸಾಲು ಎತ್ತಿದಳು. ಯಾ ಅಲ್ಲಾ, ಏನು ದನಿ! ಕೊಂಚ ಒರಟಾಗಿತ್ತು, ಅಷ್ಟೇ. ಬೀದಿಯ ತುದಿಯ ಬಾಕ್ಸಿನಿಂದ ಒಂದು ಅಕ್ಷರವೂ ಮಾಸದೆ ಬಂತು. ಕಬ್ಬಿನ ಟ್ರಾಕ್ಟರಿನವನು ಇಂಜಿನ್ ಆರಿಸಿ ನಿಂತ. ಪಾಷಾ ಕಣ್ಣೊರೆಸಿಕೊಂಡರು.

ಮಂಚಮ್ಮ ಸಾಲು ಮುಗಿಸಿ ಅಭ್ಯಾಸದಂತೆ ಎಡಕ್ಕೆ ತಿರುಗಿದಳು. ಅಲ್ಲಿ ಅವರೆಕಾಯಿ ಮೊರವಿತ್ತು. ಸಿದ್ದಲಿಂಗಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು. ಆಕೆ ಅದೇ ಸಾಲನ್ನು ಮತ್ತೊಮ್ಮೆ ಹಾಡಿದಳು, ಅರ್ಧಕ್ಕೆ ನಿಲ್ಲಿಸಿದಳು. ಹಣೆ ಒತ್ತಿಕೊಂಡಳು.

"ಮುಂದ್ಕೇನವ್ವಾ ಅದು?" ಎಂದು ಎಡಕ್ಕೇ ಕೇಳಿದಳು.

ಅದೂ ಬೀದಿಯ ತುದಿಗೆ ಸ್ಪಷ್ಟವಾಗಿ ಕೇಳಿಸಿತು. ಚೈತ್ರಳಿಗೆ ಮುಂದಿನ ಸಾಲು ಗೊತ್ತಿರಲಿಲ್ಲ. ಬಾಗಿಲಿಗೆ ಬಂದ ನೆರೆಯ ಹೆಂಗಸರಿಗೂ ಗೊತ್ತಿರಲಿಲ್ಲ. ಪಾಷಾ ಕೈ ಸ್ವಿಚ್ಚಿನವರೆಗೆ ಹೋಗಿ ಹಿಂದಕ್ಕೆ ಬಂತು. ಮಂಚಮ್ಮ ಮೈಕು ಹಿಡಿದು ನೆನಪು ಮಾಡಿಕೊಳ್ಳುತ್ತಾ ಕೂತಿದ್ದಳು, ಬೀದಿಯ ತುದಿಯ ಬಾಕ್ಸಿನಲ್ಲಿ ಆಕೆಯ ಉಸಿರು ಕೇಳುತ್ತಲೇ ಇತ್ತು.