ಶೇಷತ್ತೆಯ ಹೊಳೆ

"ಇವತ್ತು ನೀರೆಷ್ಟಿದೆಯೋ?"

ಸಂಜೆಯಾಗುತ್ತಲೇ ಎದುರುಮನೆಯ ಮೆಟ್ಟಿಲಲ್ಲಿ ಕೂತು ಶೇಷತ್ತೆ ಹೀಗೆ ಕೇಳುತ್ತಿದ್ದಳು; ಯಾರನ್ನೂ ಅಲ್ಲ. ಅವಳ ಕಾಲಬುಡದಲ್ಲಿ ನೀರಿರಲಿಲ್ಲ. ಬಳೆಯಂಗಡಿ, ಹಗ್ಗದಂಗಡಿ, ಮಂಡಕ್ಕಿ ಗಾಡಿಗಳ ಬೀದಿಯಿತ್ತು.

ಹಿಂದೆ ಅಲ್ಲಿ ಹೊಳೆಯಿತ್ತು. ಪಡುವಣ ಗುಡ್ಡಗಳಿಂದಿಳಿದು, ಊರ ನಡುವೆ ಬಿಲ್ಲಿನಂತೆ ಬಾಗಿ, ಮೂಡಣ ಬಯಲಿಗೆ ಹರಿಯುತ್ತಿತ್ತು. ಒಂದು ಮಹಾಪೂರದಲ್ಲಿ ತಗ್ಗಿನ ಕೇರಿಗಳೆಲ್ಲ ಕೊಚ್ಚಿಹೋದ ಮೇಲೆ, ಊರಾಚೆ ಕಾಲುವೆ ತೋಡಿ ಹೊಳೆಯನ್ನು ಅತ್ತ ತಿರುಗಿಸಿದರು. ಬತ್ತಿದ ಪಾತ್ರದಲ್ಲಿ ಬಜಾರು ಹುಟ್ಟಿತು. ಸ್ನಾನಘಟ್ಟದ ಮೆಟ್ಟಿಲುಗಳು ಮಾತ್ರ ಎರಡೂ ಕಡೆ ಹಾಗೇ ಉಳಿದವು.

ಶೇಷತ್ತೆ ನನ್ನ ತಂದೆಯ ತಂಗಿ. ಮದುವೆಯಾಗಿ ದೋಣಿಯಲ್ಲಿ ಆಚೆದಡಕ್ಕೆ ಹೋದವಳು. ತವರಿನವರು ಬಂದು ಕೈಹಿಡಿದು ಕರೆದೊಯ್ಯದೆ ಹೆಣ್ಣುಮಗಳು ಹೊಳೆ ದಾಟಬಾರದೆಂಬುದು ಎರಡೂ ದಡದ ಕಟ್ಟಳೆ. ಹೊಳೆಯೇ ಹೋದಮೇಲೆ ಉಳಿದವರು ಅದನ್ನು ನಗುತ್ತಲೇ ಬಿಟ್ಟರು. ಅತ್ತೆ ಬಿಡಲಿಲ್ಲ.

"ಎದುರುಮನೆಯಿಂದ ಬರೋದಕ್ಕೆ ವಾಲಗ ಬೇಕೇನೊ ಅವಳಿಗೆ?" ಎನ್ನುತ್ತಿದ್ದರು ಅಪ್ಪ.

"ನಿಮ್ಮಪ್ಪನಿಗೆ ಈಜು ಮರೆತುಹೋಯಿತೇನೋ ಕೇಳು," ಎನ್ನುತ್ತಿದ್ದಳು ಅತ್ತೆ.

ಹೀಗೇ ಇಬ್ಬರ ತಲೆಯೂ ನರೆಯಿತು. ದೀಪ ಹಚ್ಚಿದ ಮೇಲೆ ಅಪ್ಪ ಜಗುಲಿಯಲ್ಲಿ ಕೂತು ರಾಗವಾಗಿ ಕಾವ್ಯ ಓದುತ್ತಿದ್ದರು. ಪಕ್ಕದಲ್ಲಿ ಕೈಮುಗಿದು ಕೂತು ಕೇಳುತ್ತಿದ್ದವನು ನಾನೊಬ್ಬನೇ. ಆದರೂ ಅವರ ದನಿ ನಮ್ಮ ಜಗುಲಿಗೆ ಬೇಕಾದ್ದಕ್ಕಿಂತ ದೊಡ್ಡದಾಗಿರುತ್ತಿತ್ತು. ಎದುರುಗಡೆ ಅತ್ತೆ ಕಣ್ಣುಮುಚ್ಚಿ ತಲೆದೂಗುತ್ತಿದ್ದಳು.

ಒಂದು ಸಂಜೆ ಅಪ್ಪ ಪುಸ್ತಕ ಬಿಚ್ಚಿಟ್ಟು ಸುಮ್ಮನೆ ಕೂತರು.

"ಓದೋದಿಲ್ವೆ, ಅಪ್ಪ?"

"ಶೇಷಿ ಇನ್ನೂ ಕೇಳಲಿಲ್ಲವಲ್ಲೊ, ನೀರೆಷ್ಟಿದೆ ಅಂತ."

ಆ ಮಾತು ಅಪ್ಪನ ಕಿವಿಗೆ ಬೀಳುತ್ತಲೇ ಇಲ್ಲವೆಂದು ಅಷ್ಟು ವರ್ಷ ನಾವೆಲ್ಲ ತಿಳಿದಿದ್ದೆವು. ಎದುರಿನ ಮೆಟ್ಟಿಲು ಬರಿದಾಗಿತ್ತು. "ಅಮ್ಮನಿಗೆ ಬೆಳಗಿನಿಂದ ಜ್ವರ, ಸ್ವಾಮಿ," ಎಂದ ಬಳೆಯಂಗಡಿಯವನು.

ಅಪ್ಪ ಎದ್ದರು. ಘಟ್ಟದ ಕೊನೆಯ ಮೆಟ್ಟಿಲಲ್ಲಿ ನಿಂತು, ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಟ್ಟಿ ಬೀದಿಗಿಳಿದರು. ಮಂಡಕ್ಕಿಯವನು ನಕ್ಕ. ಅವರು ತಿರುಗಿ ನೋಡಲಿಲ್ಲ. ನಾನೂ ಹಿಂದೆಯೇ ನಡೆದೆ.

ಅತ್ತೆ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಅಪ್ಪ ಕೈಚಾಚಿದರು. "ಹೊರಡೇ ಶೇಷಿ, ಮನೆಗೆ ಹೋಗೋಣ."

ಅಪ್ಪ ಎತ್ತಿ ಕಟ್ಟಿದ ಪಂಚೆಯನ್ನೇ ಅವಳು ಬಹಳ ಹೊತ್ತು ನೋಡಿದಳು. "ನೀರೆಷ್ಟಿದೆ, ಅಣ್ಣ?"

"ಮೊಣಕಾಲುದ್ದ. ನಾನಿದ್ದೀನಲ್ಲ, ಬಾ."

ಒಂದು ಕೈ ಅಣ್ಣನ ಕೈಯಲ್ಲಿ, ಇನ್ನೊಂದರಲ್ಲಿ ಎತ್ತಿಹಿಡಿದ ನೆರಿಗೆ. ಕಾಲೂರಿ ನೋಡುತ್ತ, ಸೆಳೆತಕ್ಕೆ ಮೈಯೊಡ್ಡಿದಂತೆ ತುಸು ಓರೆಯಾಗಿ ಅವಳು ನಡೆದಳು. ಬಜಾರು ಎರಡು ಪಾಲಾಗಿ ನಿಂತಿತು. ನನಗೆ ನಾಚಿಕೆಯಾಗಿ, ಹತ್ತಿರ ಸರಿದು, "ಅತ್ತೆ, ನೆರಿಗೆ ಬಿಡು. ಎಲ್ಲ ನೋಡ್ತಿದ್ದಾರೆ," ಎಂದೆ.

"ಬಿಡೋದಿಲ್ಲ ಹೋಗೊ," ಎಂದಳು ಅತ್ತೆ. "ಒದ್ದೆಯಾಗುತ್ತೆ."