ಎಡಕ್ಕೆಳೆಯುವ ಗಾಡಿ

ಅಂಗಳದಲ್ಲಿ ಯಾರೋ ತಂದು ನಿಲ್ಲಿಸಿದ್ದ ತನ್ನ ಮೋಟಾರ್‌ಸೈಕಲ್ಲಿನ ಹಿಂಗಾಲಿಯ ನಟ್ಟಿಗೆ ಪ್ರಜ್ಞಾ ಪಾನಾ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಿದ್ದಳು. ನಟ್ಟು ಜಗ್ಗಲಿಲ್ಲ. ಪಡಸಾಲೆಯಲ್ಲಿ ಅವಳಪ್ಪ ಗೊಲ್ಲಾಳಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ.

"ಏಳವ್ವಾ, ಹೂ ಏರಿಸು ಬಾ," ತಾಯಿ ನಾಗಮ್ಮ ಕರೆದಳು.

"ಈ ಗಾಲಿ ಬಿಚ್ಚಿ ಒಗೀತೀನಿ ಮಮ್ಮಿ. ಇವೇ ಪಪ್ಪಾಗ ಕೊಂದಾವ."

ಮಗಳ ಗಾಡಿ ಓಡಿಸಿ ನೋಡಲು ಹೋಗಿ ಚಿಕಲಠಾಣಾ ರಸ್ತೆಯಲ್ಲಿ ಬಿದ್ದನಂತೆ ಎಂದು ಬಂದವರು ಪಿಸುಗುಟ್ಟುತ್ತಿದ್ದರು.

*

ನಾಸಿಕದಲ್ಲಿ ಆ ಅಗಲ ಗಾಲಿಗಳನ್ನು ಮೆಚ್ಚಿ ಹಾಕಿಸಿಕೊಂಡು ಬಂದವಳು ಅವಳೇ. ಅಂದಿನಿಂದ ವೇಗ ಅರವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತಿತ್ತು, ಗಾಡಿ ಎಡಕ್ಕೆಳೆಯುತ್ತಿತ್ತು. ಮೂವತ್ತು ವರ್ಷ ಮೆಕ್ಯಾನಿಕನಾಗಿದ್ದ ಅಪ್ಪ "ಹಳೀವೇ ಹಾಕೋಣು" ಎಂದ. ಅವಳು ಒಪ್ಪಲಿಲ್ಲ.

ನಿನ್ನೆ, ಭಾನುವಾರ, ಅವನು ತನ್ನ ಗ್ಯಾರೇಜಿನಲ್ಲಿ ಎರಡೂ ಟೈರುಗಳ ಪಕ್ಕಕ್ಕೆ ದಾರ ಬಿಗಿದು, ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ನೋಡಿದ್ದ.

"ಹಿಂದಿಂದು ಮುಂದಿನ ಸಾಲಿಗಿಲ್ಲ ನೋಡು. ಅಚ್ಚಿನ ಬುಶ್ ಗಿಡ್ಡ ಕೊಟ್ಟಾರ, ಅದಕ್ಕ ಎಡಕ್ಕ ಎಳೀತದ."

ಗಾಲಿಯನ್ನು ಅಚ್ಚಿನ ಮೇಲೆ ನೆಟ್ಟಗೆ ನಿಲ್ಲಿಸುವ ಆ ಬುಶ್ಶನ್ನು ತಾನೇ ಹೊಸದಾಗಿ ಕಡೆದು ಕೂರಿಸಿದ. ನಡುವೆ ಎರಡು ಸಲ ಎದೆ ತಿಕ್ಕಿಕೊಂಡ.

"ಏನಾತು ಪಪ್ಪಾ?"

"ಆಸಿಡಿಟಿ. ನಾಳಿ ನೀ ಶೇಂದ್ರಾಕ ಡ್ಯೂಟಿಗಿ ಹೋಗಬೇಕಲ್ಲ, ಇವತ್ತೇ ಮುಗಿಸ್ತೀನಿ."

ಅವಳು ಮತ್ತೆ ಫೋನಿನತ್ತ ಕಣ್ಣು ತಗ್ಗಿಸಿದ್ದಳು.

*

ಗ್ಯಾರೇಜಿನಲ್ಲಿ ಅಪ್ಪನ ಪಾಲುದಾರನಾಗಿದ್ದ ಮುದ್ದಣ್ಣ ಆಸ್ಪತ್ರೆಯ ಕಾಗದಪತ್ರ ಮುಗಿಸಿಕೊಂಡು ಆಗಷ್ಟೇ ಬಂದ. ಅವಳ ಕೈಯಿಂದ ಪಾನಾ ಬಿಡಿಸಿಕೊಂಡ.

"ಗಾಡಿ ಬಿದ್ದೇ ಇಲ್ಲವ್ವಾ. ನಿನ್ನಿ ಸಂಜಿಗಿ ನಾ ಸ್ಕೂಟರ್ ಮ್ಯಾಲ ಹಿಂದೇ ಇದ್ದೆ. ಎಂಬತ್ತರಾಗ ಹೊಂಟಿದ್ದ, ಹ್ಯಾಂಡಲ್ ಜರಾ ಸುದ್ದಾ ನಡುಗಲಿಲ್ಲ. ಆಮ್ಯಾಗ ಬಾಜೂಕ ತಗೊಂಡು, ಸ್ಟ್ಯಾಂಡ್ ಹಾಕಿ, ಕೆಳಗ ಕೂತ. ಎದ್ದೇ ಇಲ್ಲ."

"ಎದಿ ನೋವು ಅಂದಿರಲಿಲ್ಲೇನ್ರಿ ಕಾಕಾ?"

ಮುದ್ದಣ್ಣ ಬೇರೆ ಕಡೆ ನೋಡಿದ. "ಮುಂಜಾನಿಂದ ಇತ್ತು. ದವಾಖಾನಿಗಿ ನಡಿ ಅಂದೆ. 'ಪೋರಿದು ಗಾಡಿ ಮುಗೀಲಿ' ಅಂದ."

ತಪ್ಪನ್ನು ಗಾಲಿಯ ಮೇಲೆ ಹೊರಿಸುವಂತಿದ್ದರೆ ಪ್ರಜ್ಞಾ ಹೇಗೋ ತಡೆದುಕೊಳ್ಳಬಹುದಿತ್ತು.

*

ರುದ್ರಭೂಮಿಯಲ್ಲಿ, ಗುಣಿಯೊಳಗೆ ಕೂರಿಸಿದ ಮೇಲೆ ಗೊಲ್ಲಾಳಪ್ಪನ ತಲೆ ಒಂದು ಬದಿಗೆ ವಾಲಿತು. ಸ್ವಾಮಿಗಳು ಎರಡು ಸಲ ಸರಿಮಾಡಿಸಿದರು. ಎರಡು ಸಲವೂ ವಾಲಿತು. ಪ್ರಜ್ಞಾ ಗುಣಿಗೆ ಇಳಿದೇಬಿಟ್ಟಳು.

"ಏ, ಹೆಣ್ಮಕ್ಕಳು ಇಳೀಬಾರ್ದವ್ವಾ!" ಯಾರೋ ಕೂಗಿದರು.

ಸ್ವಾಮಿಗಳು ಕೈಯೆತ್ತಿ ಸುಮ್ಮನಾಗಿಸಿದರು. ಅವಳು ಎರಡೂ ಅಂಗೈಗಳಲ್ಲಿ ಅಪ್ಪನ ಕೆನ್ನೆ ಹಿಡಿದು ತಲೆಯನ್ನು ನೆಟ್ಟಗೆ ನಿಲ್ಲಿಸಿದಳು. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು ಬೀಳತೊಡಗಿತು. ಮಣ್ಣು ಅವನ ಭುಜ ಮುಟ್ಟಿದಾಗ ಮುದ್ದಣ್ಣ ಬಗ್ಗಿ ಕೈ ಚಾಚಿದ.

"ಸಾಕವ್ವಾ. ಇನ್ನ ವಾಲಂಗಿಲ್ಲ. ಬಿಡು."

ಸೊಂಟದವರೆಗೂ ಮಣ್ಣಲ್ಲಿ ಹೂತಿದ್ದ ಅವಳು ಬಿಡಲಿಲ್ಲ.