ಗೆಂಪೆ ಅಜ್ಜನ ಹಬ್ಬದ ಸುರುಳಿಗಳು

ಗೆಂಪೆ ಅಜ್ಜನಿಗೆ ಎಂಬತ್ತೆಂಟು ತುಂಬಿದ ಸಂತೋಷಕ್ಕೆ ಊರಿಗೆಲ್ಲ ಊಟ ಎಂದು ಗೊತ್ತಾದಾಗ, ಸುಶಿ ಸುರುಳಿಗಳು ತೊಮೆಯ ಅಡುಗೆಮನೆಯಲ್ಲೇ ಆಗಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಬೋಸೋ ಕರಾವಳಿಯ ಆ ಮೀನುಗಾರರ ಕೇರಿಯಲ್ಲಿ ಮದುವೆಯಿರಲಿ, ಸಾವಿನ ಊಟವಿರಲಿ, ಹೊಸ ದೋಣಿ ಇಳಿಸುವುದಿರಲಿ, ದಪ್ಪ ಸುರುಳಿ ಎಂದರೆ ತೊಮೆಯೇ. ಅವಳು ಕೊಯ್ದಿಟ್ಟ ತುಂಡು ತುಂಡಿನ ಮುಖದಲ್ಲೂ ಒಂದು ಹೂವು ಅರಳಿರುತ್ತಿತ್ತು. ಗೆಂಪೆಯ ಊಟವೆಂದರೆ ಅವಳಿಗೆ ಇನ್ನೂ ಒಂದು ಕೈ ಹೆಚ್ಚು. ಗಂಡ ಕಡಲುಪಾಲಾದ ವರ್ಷ ಅವಳ ಬಾಗಿಲಿಗೆ ಮೀನು ತಂದಿಟ್ಟು, ಮಾತಾಡದೆ ಹೊರಟುಹೋಗುತ್ತಿದ್ದವನು ಅವನೇ.

ಬೆಳಗ್ಗೆಯೇ ಪಕ್ಕದ ಮನೆಯ ಫುಕುಯೊ ಬಂದು ಸೌತೆಕಾಯಿ ಸೀಳಲು ಕುಳಿತಳು. ತೊಮೆಯ ಸೊಸೆ ಚಿಹಾರು ಮರದ ತೊಟ್ಟಿಯಲ್ಲಿ ಬಿಸಿ ಅನ್ನಕ್ಕೆ ವಿನೆಗರ್ ಬೆರೆಸಿ ಬೀಸಣಿಗೆ ಬೀಸುತ್ತಿದ್ದಳು. ಅತ್ತೆ ಅನ್ನ ತೆಗೆಯಲು ಕೈ ಚಾಚಿದಾಗ ಅವಳ ಕಣ್ಣಿಗೆ ಬಿತ್ತು: ಎಡಗೈ ತೋರುಬೆರಳು ಉಗುರಿನ ಬುಡದಲ್ಲಿ ಊದಿಕೊಂಡು ಹಳದಿಯಾಗಿತ್ತು.

"ಅಮ್ಮ, ಬೆರಳಿಗೇನಾಯ್ತು?"

"ಏನಿಲ್ಲ, ಮೀನಿನ ಮುಳ್ಳು ಚುಚ್ಚಿತ್ತು."

"ಕೀವು ಕಟ್ಟಿದೆಯಲ್ಲ. ಪ್ಲಾಸ್ಟಿಕ್ ಗ್ಲೌಸ್ ತಂದುಕೊಡ್ಲಾ?"

ತೊಮೆ ಫುಕುಯೊ ಕಡೆ ತಿರುಗಿದಳು. "ಕೇಳಿಸ್ತಾ? ಕೈಗೆ ಚೀಲ ಕಟ್ಕೊಂಡು ಅನ್ನ ಹರಡಬೇಕಂತೆ. ಕಾಲಿಗೆ ಚೀಲ ಕಟ್ಕೊಂಡು ಕುಣೀರಿ ಅಂದ್ರೆ ಕುಣಿಯಕ್ಕಾಗುತ್ತಾ?"

ಫುಕುಯೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಹಾರು ಇನ್ನೊಮ್ಮೆ ಬಾಯಿ ತೆರೆಯಲು ಹೋಗಿ ಮುಚ್ಚಿಕೊಂಡಳು. ಬೆಟ್ಟದ ಸೀಮೆಯಿಂದ ಸೊಸೆಯಾಗಿ ಬಂದು ವರ್ಷಗಳೇ ಕಳೆದಿದ್ದರೂ, ಮೀನು, ಅನ್ನ, ಕಡಲು ಈ ಮೂರರ ಬಗ್ಗೆ ಅವಳು ಮಾತೆತ್ತಿದರೆ ಕೇರಿ ನಗುತ್ತಿತ್ತು. ಒಂದು ಬೆರಳಿಗಾಗಿ ಅತ್ತೆಯ ಮಾನವನ್ನು ಪಕ್ಕದ ಮನೆಯವಳ ಮುಂದೆ ಕಳೆಯುವುದೇ ಎಂದುಕೊಂಡು ಬೀಸಣಿಗೆ ಎತ್ತಿಕೊಂಡಳು.

ತೊಮೆ ಬಿದಿರಿನ ಚಾಪೆಯ ಮೇಲೆ ಮೊಟ್ಟೆಯ ತೆಳು ಹಾಳೆ ಹಾಸಿ, ಅನ್ನ ಹರಡಿ, ಗುಲಾಬಿ ಬಣ್ಣದ ಅನ್ನವನ್ನು ಏಣು ಏಣಾಗಿ ಸಾಲಿಟ್ಟು, ನಡುನಡುವೆ ಉಪ್ಪಿನಲ್ಲಿಟ್ಟ ಸೊಪ್ಪು, ಸಿಹಿಯಾಗಿ ಬೇಯಿಸಿದ ಸೋರೆಕಾಯಿಯ ಪಟ್ಟಿ ಸೇರಿಸಿ ಸುತ್ತುತ್ತಿದ್ದಳು. ಚಾಪೆ ಬಿಚ್ಚಿ ಕೊಯ್ದರೆ ಒಳಗೆ ಪಿಯೋನಿ ಹೂವು. ಫುಕುಯೊಳದು ಬೆರಳು ಗಾತ್ರದ ಸೌತೆಕಾಯಿ ಸುರುಳಿ. ಚಿಹಾರು ಮಕ್ಕಳಿಗೆಂದು ಒಣಗಿಸಿದ ಕಡಲಪಾಚಿಯ ಹಾಳೆ ಒಳಗೆ, ಅನ್ನ ಹೊರಗೆ ಬರುವ ಹೊಸ ನಮೂನೆಯದನ್ನು ಸುತ್ತಿದಳು. ಒಳಗೆ ಡಬ್ಬಿಯ ಮೀನು, ಮಯೊನೇಸ್. ಮೇಲೆ ಎಳ್ಳು.

"ಅಂಗಿ ತಿರುವುಮುರುವಾಗಿ ಹಾಕ್ಕೊಂಡು ಜಾತ್ರೆಗೆ ಹೊರಟ ಹಾಗಿದೆ," ಎಂದಳು ತೊಮೆ.

"ಮಕ್ಕಳು ಮೊದಲು ಖಾಲಿ ಮಾಡೋದು ಇದನ್ನೇ, ನೋಡ್ತಿರಿ."

"ಮಕ್ಕಳು ಮಣ್ಣೂ ತಿನ್ತವೆ."

ಆ ದಿನ ಕಾಲಕ್ಕೆ ಮೀರಿದ ಸೆಕೆ. ತಟ್ಟೆಗಳು ಊರ ಸಭಾಂಗಣದ ಕಿಟಕಿಯ ಬಳಿ ಬಹಳ ಹೊತ್ತು ಕಾದವು. ಭಾಷಣಗಳಾದವು, ಹಾಡಾಯಿತು. ಎಂಬತ್ತೆಂಟರ ಗುರುತಾದ ಹಳದಿ ಟೋಪಿ, ಹಳದಿ ನಿಲುವಂಗಿ ತೊಟ್ಟ ಗೆಂಪೆ ಅಜ್ಜ ಹೂವಿನ ಸುರುಳಿಯ ತುಂಡು ಎತ್ತಿ ಬೆಳಕಿಗೆ ಹಿಡಿದು, "ತೊಮೆ, ಇದನ್ನ ತಿನ್ನೋಕೆ ಮನಸ್ಸು ಬರಲ್ಲ ಕಣೇ," ಎಂದು ಹೇಳಿ, ಒಂದಾದ ಮೇಲೊಂದು ತಿಂದ. ಬಡಿಸುವ ಗಡಿಬಿಡಿಯಲ್ಲಿ ತೊಮೆ ಏನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಚಿಹಾರು ಅತ್ತೆಯ ಸುರುಳಿಯನ್ನೇ ತಿಂದಳು. ಅವಳದು ಅವಳಿಗೇ ಉಳಿದಿರಲಿಲ್ಲ.

ಹೊತ್ತು ಇಳಿಯುವುದರೊಳಗೆ ವಾಂತಿ ಶುರುವಾಯಿತು. ಮೊದಲು ಫುಕುಯೊಳ ಗಂಡ, ಆಮೇಲೆ ಮನೆಮನೆಯಲ್ಲೂ. ಚಿಹಾರು ಬಚ್ಚಲ ಗೋಡೆ ಹಿಡಿದು ಕುಸಿದಳು. ಹೊಟ್ಟೆ ಹಿಂಡುವ ನೋವಿನ ನಡುವೆಯೂ ಅವಳ ಕಣ್ಣಮುಂದೆ ನಿಂತಿದ್ದು ಆ ಹಳದಿ ಬೆರಳು. ಹೊರಗೆ ಆಂಬುಲೆನ್ಸ್ ಸದ್ದು ಕೇಳಿಸಿತು. ಗೆಂಪೆ ಅಜ್ಜನನ್ನು ಪಟ್ಟಣದ ಆಸ್ಪತ್ರೆಗೆ ಒಯ್ದರು.

ಉಳಿದವರೆಲ್ಲ ಒಂದೆರಡು ದಿನದಲ್ಲಿ ಎದ್ದು ಕುಳಿತರು. ಕುಳಿತವರೇ ಬಾಯಿ ತೆರೆದರು. ಫುಕುಯೊ ಅಂಗಳದಲ್ಲೇ ನಿಂತು, "ತೊಮೆ ಸಾನ್, ಬೇಜಾರು ಮಾಡ್ಕೋಬೇಡಿ. ಎಲ್ರೂ ಚಿಹಾರು ಹಾಕಿದ ಆ ಬಿಳೀ ಸಾಸೇ ಕೆಟ್ಟಿತ್ತು ಅಂತಿದಾರೆ. ನಿಮ್ಮ ಕೈಯಡುಗೆ ಎಷ್ಟು ವರ್ಷದಿಂದ ತಿಂದಿದೀವಿ, ಯಾವತ್ತಾದ್ರೂ ಹೀಗಾಗಿತ್ತಾ?" ಎಂದಳು.

ಚಿಹಾರು ಬಾಗಿಲ ಹಿಂದೆಯೇ ನಿಂತು ಕೇಳುತ್ತಿದ್ದಳು. ತೊಮೆ, "ಹೊಸ ಪದಾರ್ಥ. ನಂಗೇನು ಗೊತ್ತಾಗುತ್ತೆ," ಎಂದಳು. ಬೆರಳಿಗೆ ಬಟ್ಟೆ ಸುತ್ತಿ, ಕೈಯನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡಿದ್ದಳು.

ಚಿಹಾರು ಗಂಡ ಕೋಸಾಕುವಿಗೆ ಎಲ್ಲ ಹೇಳಿದಳು. ಅವನು ದೋಣಿಯ ಹಗ್ಗ ಹೊಸೆಯುತ್ತ ತಲೆಯೆತ್ತದೆ ಕೇಳಿದ.

"ನೀನೇ ನಾಲ್ಕು ಮನೆಗೆ ಹೋಗಿ ತಲೆ ಬಗ್ಗಿಸಿ ಬಂದ್ಬಿಡು. ಅಲ್ಲಿಗೆ ಮುಗಿದುಹೋಗುತ್ತೆ."

"ನಾನು ಮಾಡದೇ ಇರೋದಕ್ಕಾ?"

"ನೀನು ಚಿಕ್ಕವಳು. ನಾಳೆ ಮರೀತಾರೆ. ಅಮ್ಮಂಗೆ ಆ ಕೈ ಬಿಟ್ರೆ ಈ ಊರಲ್ಲಿ ಬೇರೆ ಏನಿದೆ ಹೇಳು."

"ಹಾಗಾದ್ರೆ ನಿಮಗೂ ಗೊತ್ತು."

ಅವನು ಹಗ್ಗ ಎತ್ತಿಕೊಂಡು ದಕ್ಕೆಗೆ ಹೋದ. ಅವನ ಮೇಲೆ ಸಿಟ್ಟು ಬಂದಷ್ಟೇ ಅವಳಿಗೆ ತನ್ನ ಮೇಲೂ ಬಂತು. ಗ್ಲೌಸಿನ ಮಾತು ನಗೆಯಾದಾಗ ಬೀಸಣಿಗೆ ಎತ್ತಿಕೊಂಡವಳು ತಾನೇ ಅಲ್ಲವೇ?

ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಬಂದು ಅಡುಗೆಗೆ ಕೈ ಹಾಕಿದವರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿದಳು. ಗೆಂಪೆ ಅಜ್ಜನ ಮಗಳು ನಾಮಿಯೆ ಆಸ್ಪತ್ರೆಯಿಂದ ನೇರ ಬಂದು ಹಿಂದೆ ಕುಳಿತಿದ್ದಳು. ಅಪ್ಪ ಏನನ್ನೂ ತಿನ್ನುತ್ತಿಲ್ಲ ಎಂದಷ್ಟೇ ಹೇಳಿದಳು.

"ಅವತ್ತು ಯಾರ ಕೈಯಲ್ಲಾದ್ರೂ ಗಾಯ ಇತ್ತಾ? ಕೀವು, ಕೊಯ್ದಿದ್ದು, ಏನಾದ್ರೂ?" ಆ ಹೆಂಗಸಿನ ದನಿ ಮೆತ್ತಗಿತ್ತು.

ಚಿಹಾರು ಅತ್ತೆಯತ್ತ ನೋಡಿದಳು. ತೊಮೆ ತಾನು ಕುಳಿತ ಚಾಪೆಯ ಅಂಚನ್ನೇ ದಿಟ್ಟಿಸುತ್ತಿದ್ದಳು. ಫುಕುಯೊ ಅತ್ತಿತ್ತ ನೋಡಿ, "ಆ ಮಯೊನೇಸ್ ಡಬ್ಬಿ..." ಎಂದು ತೊಡಗಿದಳು.

"ಇತ್ತು," ಎಂದಳು ಚಿಹಾರು. "ಅಮ್ಮನ ಎಡಗೈ ಬೆರಳು. ನಾನು ನೋಡಿದ್ದೆ. ನೋಡಿಯೂ ಸುಮ್ಮನಾದೆ."

ಯಾರೋ "ಅಯ್ಯೋ" ಎಂದರು. ಆ ಉದ್ಗಾರ ಬೆರಳಿಗೋ, ಹೇಳಿದ ಸೊಸೆಗೋ ತಿಳಿಯಲಿಲ್ಲ. ತೊಮೆ ಜೇಬಿನಿಂದ ಕೈ ತೆಗೆದು, ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ, ಎಲ್ಲರ ಮುಂದೆ ಚಾಚಿದಳು. ಆ ಹೆಂಗಸು ಹತ್ತಿಯ ಕಡ್ಡಿಯನ್ನು ಗಾಯಕ್ಕೆ ಸವರುವಾಗ ಅವಳ ಮುಖ ಒಂದಿಷ್ಟೂ ಅಲುಗಲಿಲ್ಲ.

ಪರೀಕ್ಷೆಯಲ್ಲಿ ಬೆರಳಿನ ರೋಗಾಣುವೂ ತಟ್ಟೆಯಲ್ಲಿ ಉಳಿದಿದ್ದ ಹೂವಿನ ಸುರುಳಿಯದೂ ಒಂದೇ ಎಂದಾಯಿತು. ಚಿಹಾರುವಿನ ಮಯೊನೇಸ್ ಡಬ್ಬಿ ಶುದ್ಧವಾಗಿತ್ತು. ಅದರಿಂದ ಅವಳಿಗೆ ನೆಮ್ಮದಿಯೇನೂ ಸಿಗಲಿಲ್ಲ. ಮಯೊನೇಸ್ ಎಂದು ಆಡಿಕೊಂಡಿದ್ದ ಬಾಯಿಗಳೇ ಈಗ, ಅತ್ತೆಯನ್ನು ಸಭೆಯಲ್ಲಿ ಬೆತ್ತಲೆ ಮಾಡಿದವಳು ಎಂದವು. ಕೋಸಾಕು ಊಟಕ್ಕೆ ಕೂತರೆ ಅನ್ನದ ಬಟ್ಟಲು ಮಾತ್ರ ಮುಂದಕ್ಕೆ ಚಾಚುತ್ತಿದ್ದ. ತೊಮೆ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಳು. ಸೊಸೆ ಇಟ್ಟಿದ್ದನ್ನು ಅರ್ಧ ತಿಂದು ತಟ್ಟೆಯನ್ನು ಬಾಗಿಲ ಬಳಿ ಸರಿಸುತ್ತಿದ್ದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಗೆಂಪೆ ಅಜ್ಜ ತೀರಿಕೊಂಡ. ಆ ವಾಂತಿಯ ದಿನ ಮಲಗಿದವನು ಮತ್ತೆ ಏಳಲೇ ಇಲ್ಲ. ಕೊನೆಗೆ ಎದೆಗೆ ಕಫ ಕಟ್ಟಿತು. ವಯಸ್ಸಾಗಿತ್ತು ಎಂದರು ವೈದ್ಯರು. ಊರು ಹಾಗೆನ್ನಲಿಲ್ಲ.

ಅಂತ್ಯಕ್ರಿಯೆ ಮುಗಿದ ಮರುದಿನ ಮಧ್ಯಾಹ್ನ ತೊಮೆ ಕಪ್ಪು ಕಿಮೋನೊ ಉಟ್ಟು ಹೊರಟಳು. ಚಿಹಾರು ಕೊಡೆ ಹಿಡಿದು ಹಿಂದೆಯೇ ಇಳಿದಳು.

"ನೀನ್ಯಾಕೆ?"

"ನಾನೂ ಬರ್ತೀನಿ."

"ಬೇಡ."

ಚಿಹಾರು ಹಿಂದೆ ಉಳಿಯಲಿಲ್ಲ. ಗುಡ್ಡದ ಮೇಲಿನ ಗೆಂಪೆಯ ಮನೆಯ ಬಾಗಿಲಲ್ಲಿ ನಾಮಿಯೆ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ತೊಮೆ ಹೊಸ್ತಿಲ ಹೊರಗಿನ ಒದ್ದೆ ಕಲ್ಲಿನ ಮೇಲೆಯೇ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದಳು. ಅವಳ ಪಕ್ಕದಲ್ಲಿ ಚಿಹಾರು ಸಹ.

"ಅಪ್ಪ ಕೊನೇವರೆಗೂ ನಿಮ್ಮ ಸುರುಳಿಯಿಂದಲೇ ಆಗಿದ್ದು ಅಂತ ನಂಬಲೇ ಇಲ್ಲ," ಎಂದಳು ನಾಮಿಯೆ. "ತೊಮೆ ಕೈಯಿಂದ ಹೀಗಾಗಲ್ಲ ಅಂತಲೇ ಹೋದ್ರು. ನಂಗೆ ನಿಮ್ಮನ್ನ ನೋಡಕ್ಕೆ ಇನ್ನೂ ಆಗ್ತಿಲ್ಲ. ದಯವಿಟ್ಟು ಎದ್ದು ಹೋಗಿ."

ಬಾಗಿಲು ಮುಚ್ಚಿತು. ತೊಮೆಗೆ ಏಳಲಾಗಲಿಲ್ಲ. ಚಿಹಾರು ತೋಳು ಹಿಡಿದಾಗ ಅವಳು ಕೊಡವಿಕೊಂಡಳು. ಕಲ್ಲಿಗೆ ಕೈಯೂರಿ ಇನ್ನೊಮ್ಮೆ ನೋಡಿದಳು, ಆಗಲಿಲ್ಲ. ಕೊನೆಗೆ ತಾನಾಗಿಯೇ ಕೈ ಚಾಚಿದಳು. ಇಳಿಜಾರಿನ ದಾರಿಯಲ್ಲಿ ಒಂದೇ ಕೊಡೆಯಡಿ ಇಬ್ಬರೂ ನಿಧಾನವಾಗಿ ಇಳಿದರು. ಕೆಳಗೆ ಕಡಲು ಮಂಜಿನಲ್ಲಿ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು.

"ಅವತ್ತು ನೀನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು," ಎಂದಳು ತೊಮೆ.

"ಹೌದು ಅಮ್ಮ." ಚಿಹಾರುವಿಗೆ ಅಳು ಒತ್ತಿಬಂತು. "ಹೇಳಿದ್ರೆ ಕೇಳ್ತಿದ್ರಾ?"

ತೊಮೆ ನಿಂತಳು. ಸುಳ್ಳು ಹೇಳಲು ಮನಸ್ಸಾದಂತೆ ತುಟಿ ಅಲುಗಿತು.

"ಇಲ್ಲ," ಎಂದಳು. "ಕೇಳ್ತಿರಲಿಲ್ಲ."

ಇನ್ನೂ ಅರ್ಧ ಇಳಿಜಾರು ಬಾಕಿಯಿತ್ತು. ಕಲ್ಲು ಜಾರುತ್ತಿದ್ದುದರಿಂದ ತೊಮೆ ಸೊಸೆಯ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.